ಚಿಪ್ಪಿನ ಲೆಕ್ಕದ ನಲವತ್ನಾಲ್ಕು ಗ್ರಾಂ

ಕುಮಟಾದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ನಾನು ಎರಡು ಹಂತದ ಕ್ರಿಯೆಗಳ ತೂಕದ ಲೆಕ್ಕ ಕಲಿಸುವಾಗ ಪುಸ್ತಕದ ಉದಾಹರಣೆ ತೆಗೆದುಕೊಳ್ಳುವುದಿಲ್ಲ. ನೂರು ಗ್ರಾಂ ಕಪ್ಪೆಚಿಪ್ಪು ಸುಟ್ಟರೆ ಐವತ್ತಾರು ಗ್ರಾಂ ಸುಟ್ಟ ಸುಣ್ಣ. ಅದಕ್ಕೆ ಹದಿನೆಂಟು ಗ್ರಾಂ ನೀರು ಕುಡಿಸಿದರೆ ಎಪ್ಪತ್ನಾಲ್ಕು ಗ್ರಾಂ ಅರಳಿದ ಸುಣ್ಣ. ಮೊದಲ ಹಂತದಲ್ಲಿ ಸಿಕ್ಕಿದ್ದರಿಂದಲೇ ಎರಡನೆಯ ಹಂತದ ಲೆಕ್ಕ ಶುರುವಾಗಬೇಕು ಎನ್ನುತ್ತೇನೆ.

ಅಪ್ಪ ಹೊನ್ನಾವರದ ಹೊಳೆದಂಡೆಯಲ್ಲಿ ಚಿಪ್ಪು ಸುಟ್ಟು ಸುಣ್ಣ ಮಾಡುತ್ತಿದ್ದ. ಸುಟ್ಟ ಸುಣ್ಣಕ್ಕೆ ಮಳೆ ತಾಗಿದರೆ ಭಟ್ಟಿಯಲ್ಲೇ ಅರಳಿ ಹಾಳಾಗುತ್ತದೆ. ಒಂದು ಬೆಳಿಗ್ಗೆ ಗಾಳಿಮಳೆ ಎದ್ದಾಗ ಅವನು ಭಟ್ಟಿಯ ಮೇಲಿನ ಮಾಡಿಗೆ ಸುತ್ತಲೂ ತಾಡಪತ್ರಿ ಬಿಗಿದು, ಬೆಂಕಿ ನೋಡಿಕೊಳ್ಳಲು ಒಳಗೇ ಕುಳಿತ. ಊಟಕ್ಕೆ ಕರೆಯಲು ಹೋದ ಅಮ್ಮ ತಾಡಪತ್ರಿ ಎತ್ತಿದಾಗ ಅವನು ಕಂಬಕ್ಕೆ ಒರಗಿದಂತೆಯೇ ಸತ್ತಿದ್ದ. ಮೈಮೇಲೆ ಒಂದು ಸುಟ್ಟ ಕಲೆಯಿಲ್ಲ. ಸುಣ್ಣಕ್ಕೂ ಒಂದು ಹನಿ ತಾಗಿರಲಿಲ್ಲ.

ನಿನ್ನೆ ಹುಡುಗಿಯೊಬ್ಬಳು ಕೇಳಿದಳು: “ಸರ್, ಮೊದಲ ಹಂತದಲ್ಲಿ ಕಮ್ಮಿಯಾದ ನಲವತ್ನಾಲ್ಕು ಗ್ರಾಂ ಎಂತ ಆತು?”

“ಅನಿಲ ಆಗಿ ಹೊರಗೆ ಹೋಗ್ತದೆ,” ಎಂದೆ.

ಪುಸ್ತಕದ ಉತ್ತರವೂ ಅದೇ. ಅಪ್ಪನ ಭಟ್ಟಿಗೆ ಅವತ್ತು ಹೊರಗೆ ಎಂಬುದೇ ಇರಲಿಲ್ಲ. ಆ ದಾರಿಯನ್ನು ಅವನೇ ಕೈಯಾರೆ ಹಗ್ಗ ಹಾಕಿ ಬಿಗಿದಿದ್ದ.