ಸೆಲ್ವಣ್ಣ ತುಂಬಿದ ಇಪ್ಪತ್ತು ಬಾಟಲಿ

ಬೆಳಗ್ಗೆ ಫೋನ್ ಬಂದಾಗ ನಾನು ಕೇಳಿದ್ದು, "ಯಾವ ಸೆಲ್ವಣ್ಣ?"
ನಮಗೆಲ್ಲ ಇರುವುದು ಒಬ್ಬರೇ ಸೆಲ್ವಣ್ಣ ಎಂದು ಗೊತ್ತಿದ್ದೂ ಕೇಳಿದೆ...
ಬೇರೆ ಯಾರೋ ಆಗಿರಲಿ ಎನ್ನುವ ಆಸೆ.

ನಿನ್ನೆ ಸಂಜೆ ಭದ್ರಾವತಿ ಬಸ್ ಹತ್ತುವಾಗ ಕೈ ಎತ್ತಿ ಹೋದವರು.
ಇವತ್ತು ಬೆಳಗ್ಗೆ ಎದೆನೋವು ಅಂತೆ... ಆಸ್ಪತ್ರೆ ತಲುಪುವ ಮೊದಲೇ...
ಮನೆಗೆ ಹೋಗಿ ನೋಡಿ ಬಂದೆ. ಆದರೂ ಮನಸ್ಸು ಒಪ್ಪುತ್ತಿಲ್ಲ.

ಅವರನ್ನು ನೋಡದವರಿಗೆ ಹೇಳುತ್ತೇನೆ.
ಶಿವಮೊಗ್ಗದಲ್ಲಿ ನಾನು ಕೆಲಸ ಮಾಡುವ ರೆಸ್ಟೋರೆಂಟಿನಲ್ಲಿ ಡ್ರಾಫ್ಟ್ ಬಿಯರ್, ಅಂದರೆ ಪೀಪಾಯಿಯಿಂದ ಟ್ಯಾಪಿನಲ್ಲಿ ಹಿಡಿದುಕೊಡುವ ಬಿಯರ್ ಸಿಗುತ್ತದೆ.
ಕೌಂಟರಿನಲ್ಲಿ ಆರ್ಡರ್ ನೋಡಿಕೊಳ್ಳುವವಳು ನಾನು.
ಪಾರ್ಸಲ್ ಕೇಳಿದವರಿಗೆ ಟ್ಯಾಪಿನಿಂದ ಬಾಟಲಿಗೆ ಕೈಯಲ್ಲೇ ತುಂಬಿಕೊಡುತ್ತಿದ್ದವರು ಸೆಲ್ವಣ್ಣ.
ಭದ್ರಾವತಿಯಲ್ಲಿ ಅವರ ಅಪ್ಪನ ಕಾಲದ ಗೋಲಿ ಸೋಡಾ ಅಂಗಡಿ ಇತ್ತು. ಅದು ಮುಚ್ಚಿದ ಮೇಲೆ ನಮ್ಮಲ್ಲಿಗೆ ಬಂದರು.

ತಮಾಷೆ ಏನೆಂದರೆ, ಅವರು ಬಿಯರನ್ನು ಒಂದು ಹನಿಯೂ ಬಾಯಿಗೆ ಹಾಕಿದವರಲ್ಲ.
"ಕುಡೀದೆ ನಿಮ್ಗೆ ಹೆಂಗೆ ಗೊತ್ತಾಗುತ್ತೆ ಅಣ್ಣ?" ಅಂದಿದ್ದೆ ಒಮ್ಮೆ.
"ಸೋಡಾ ಕುಡಿದಿದೀನಲ್ಲ ಮಾರಾಯ್ತಿ. ಗ್ಯಾಸ್ ಎಲ್ಲಾ ಕಡೆ ಗ್ಯಾಸೇ."

ಅವರ ಕೆಲಸ ನೋಡಬೇಕಿತ್ತು ನೀವು...
ಬಾಟಲಿಗಳು ಹಿಂದಿನ ದಿನವೇ ಫ್ರಿಜ್ ಸೇರಬೇಕು.
ಟ್ಯಾಪಿಗೆ ಒಂದು ಸಣ್ಣ ಪೈಪು. ಅದರ ತುದಿ ಬಾಟಲಿಯ ತಳ ಮುಟ್ಟಬೇಕು.
ಆಮೇಲೆ ನಿಧಾನ... ನಾವು ಪಕ್ಕದಲ್ಲಿ ನಿಂತು ಚಡಪಡಿಸುವಷ್ಟು ನಿಧಾನ.
ನೊರೆ ಬಾಟಲಿಯ ಬಾಯಿಗೆ ಏರಿದ ಕೂಡಲೇ, ಆ ನೊರೆಯ ಮೇಲೆಯೇ ಮುಚ್ಚಳ ಇಟ್ಟು ಒತ್ತಿಬಿಡುತ್ತಿದ್ದರು.
"ಒಳಗೆ ಗಾಳಿಗೆ ಜಾಗ ಕೊಡ್ಬಾರ್ದು. ಕೊಟ್ರೆ ನಾಳೆ ಹೊತ್ತಿಗೆ ಚಪ್ಪೆ."
ಮರುದಿನ ಮನೆಯಲ್ಲಿ ತೆರೆದರೂ ಗ್ಲಾಸಿನಲ್ಲಿ ಗುಳ್ಳೆ ಏಳುತ್ತಿತ್ತು. ಗಿರಾಕಿಗಳು ಫೋನ್ ಮಾಡಿ ಹೇಳುತ್ತಿದ್ದರು.

ಸೆಲ್ವಣ್ಣ...
ಈಗ ನಿಮಗೊಂದು ಮಾತು ಹೇಳಬೇಕು.
ಎಲ್ಲರ ಎದುರಿಗೇ ಹೇಳಬೇಕು.

ಕಳೆದ ಬೇಸಿಗೆಯ ಆ ರಿಟೈರ್‌ಮೆಂಟ್ ಪಾರ್ಟಿ ನೆನಪಿದೆಯಲ್ಲ.
ನಿಮ್ಮದೇ ಬೀದಿಯವರೊಬ್ಬರದು. "ನಮ್ಮ ಸೆಲ್ವ ತುಂಬಿದ್ದೇ ಬೇಕು" ಎಂದು ಇಪ್ಪತ್ತು ಬಾಟಲಿ ಹೇಳಿದ್ದರು.
ಅವತ್ತು ನೀವು ಹೊಸ ಶರ್ಟ್ ಹಾಕಿಕೊಂಡು ತುಂಬಿದಿರಿ. ನಾವೆಲ್ಲ ರೇಗಿಸಿದ್ದೆವು.
ನಾನು ಹೇಗೂ ಆ ಕಡೆ ಹೊರಟಿದ್ದೆ, ಕಾರಿನಲ್ಲಿ ಒಯ್ಯುತ್ತೇನೆ ಎಂದೆ.
"ಐಸಲ್ಲೇ ಇರ್ಲಿ. ದಾರೀಲಿ ಎಲ್ಲೂ ನಿಲ್ಬೇಡ, ನೇರ ಹೋಗು" ಅಂದಿರಿ.

ಐಸ್ ಬಾಕ್ಸ್ ಡಿಕ್ಕಿಯಲ್ಲಿ ಹಿಡಿಸಲಿಲ್ಲ. ಬಾಟಲಿಗಳನ್ನು ಬರೀ ಕ್ರೇಟಿನಲ್ಲಿ ಹಿಂದಿನ ಸೀಟಿಗೆ ಹಾಕಿದೆ.
ಮಲವಗೊಪ್ಪದಲ್ಲಿ ಚಿಕ್ಕಮ್ಮನ ಮನೆ. ಐದು ನಿಮಿಷ ಎಂದು ಇಳಿದೆ.
ಬಿಸಿ ಅಕ್ಕಿರೊಟ್ಟಿ, ಮಾತು, ಕಾಫಿ... ಒಂದೂವರೆ ಗಂಟೆ.
ಕಾರು ಬಿಸಿಲಲ್ಲಿ, ಗಾಜು ಏರಿಸಿಕೊಂಡು ನಿಂತಿತ್ತು.

ಪಾರ್ಟಿಯಲ್ಲಿ ಮೊದಲ ಬಾಟಲಿ ತೆರೆದಾಗ ಅರ್ಧಕ್ಕರ್ಧ ನೊರೆಯಾಗಿ ಟೇಬಲ್ ಮೇಲೆ ಹರಿಯಿತು.
ಗ್ಲಾಸಿಗೆ ಉಳಿದದ್ದು ಚಪ್ಪೆ. ಎರಡನೆಯದೂ ಹಾಗೇ... ಐದನೆಯದೂ ಹಾಗೇ...
ಯಾರೋ ನಕ್ಕರು. "ಸೆಲ್ವನ ಕೈ ಹೋಯ್ತು ಬಿಡ್ರಪ್ಪ."
ನಾನು ಅಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ.

ಮರುದಿನ ನೀವು ಕೇಳಿದ್ದು ಒಂದೇ ಪ್ರಶ್ನೆ.
"ನೇರ ಹೋದ್ಯಲ್ಲ ಮಾರಾಯ್ತಿ?"
"ಹೂಂ ಅಣ್ಣ, ನೇರ ಹೋದೆ."

ಓನರ್ ಎದುರು ನೀವು "ಮುಚ್ಚಳ ಸಡಿಲ ಆಗಿರ್ಬೇಕು ಸಾರ್, ತಪ್ಪು ನಂದೇ" ಅಂದಿರಿ.
ನಾನು ಏನು ತಿಳಿದುಕೊಂಡೆ ಗೊತ್ತಾ...
ನಿಮಗೆ ಎಲ್ಲ ಗೊತ್ತಿದೆ, ನನ್ನ ಕೆಲಸ ಉಳಿಯಲಿ ಎಂದು ತಪ್ಪು ಒಪ್ಪಿಕೊಂಡಿರಿ, ದೊಡ್ಡ ಮನಸ್ಸು ಎಂದು.
ಇಷ್ಟು ದಿನ ಹಾಗೆಂದುಕೊಂಡೇ ಆರಾಮಾಗಿದ್ದೆ. ನನಗೆ ಅದೇ ಅನುಕೂಲವಾಗಿತ್ತು.
ದೀಪಾವಳಿ ಹೊತ್ತಿಗೆ ತುಂಬುವ ಕೆಲಸ ಬಿಟ್ಟು ನೀವಾಗಿಯೇ ಸ್ಟೋರ್ ರೂಮಿಗೆ ಹೋದಾಗಲೂ, ವಯಸ್ಸಾಯ್ತು ಪಾಪ ಎಂದುಕೊಂಡೆ.

ಇವತ್ತು ಮನೆಯಲ್ಲಿ ನಿಮ್ಮ ಹೆಂಡತಿ ಕಮಲಕ್ಕ ನನ್ನ ಕೈ ಹಿಡಿದು ಕೂರಿಸಿಕೊಂಡರು.
ಅವರು ಅಳುತ್ತಿರಲಿಲ್ಲ. ಮೆಲ್ಲಗೆ ಮಾತಾಡುತ್ತಿದ್ದರು.
"ಆ ಪಾರ್ಟಿ ಆದ್ಮೇಲೆ ಮನೇಲಿ ಖಾಲಿ ಬಾಟ್ಲಿಗೆ ನೀರು ತುಂಬಿ ಮುಚ್ಚಳ ಒತ್ತೋರು ಕಣಮ್ಮ. ತಲೆಕೆಳಗೆ ಮಾಡಿ ನೋಡೋರು. ಒಂದ್ ಹನೀನೂ ಬೀಳ್ತಿರ್ಲಿಲ್ಲ. ಆದ್ರೂ, ನನ್ ಕೈ ಸರಿಯಿಲ್ಲ ಕಮಲಾ, ಅನ್ನೋರು. ಆ ಹುಡುಗಿ ನೇರ ಹೋಗಿದಾಳೆ, ಮತ್ತೆ ತಪ್ಪು ನಂದೇ ಅಲ್ವಾ, ಅನ್ನೋರು."

ನಿಮಗೆ ಗೊತ್ತೇ ಇರಲಿಲ್ಲ.
ನನ್ನ ಮಾತನ್ನು ನಂಬಿದಿರಿ ಅಷ್ಟೇ.

ಅಲ್ಲೇ ಕಮಲಕ್ಕನಿಗೆ ಎಲ್ಲ ಹೇಳಿಬಿಟ್ಟೆ. ಮಲವಗೊಪ್ಪ, ರೊಟ್ಟಿ, ಬಿಸಿಲು...
ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ.
"ಇದನ್ನ ಅವರಿಗೆ ಹೇಳ್ಬೇಕಿತ್ತಮ್ಮ" ಅಂದರು.

ಅವತ್ತು ಆ ಪಾರ್ಟಿಯಲ್ಲಿ ಇದ್ದವರೆಲ್ಲ ಇದನ್ನು ಓದಬೇಕು. ಇಲ್ಲದವರಿಗೂ ಹೇಳಿ.
ಆ ಇಪ್ಪತ್ತು ಬಾಟಲಿ ಕೆಟ್ಟಿದ್ದು ನನ್ನಿಂದ. ತುಂಬಿದವರಿಂದ ಅಲ್ಲ.

ಸೆಲ್ವಣ್ಣ, ನಾನು ನೇರ ಹೋಗಿರಲಿಲ್ಲ.
ನಿಮ್ಮ ಕೈಗೆ ಏನೂ ಆಗಿರಲಿಲ್ಲ...

ಹೋಗಿ ಬನ್ನಿ ಅಣ್ಣ. ನಿಮ್ಮ ಜೀವ ತಣ್ಣಗಿರಲಿ. 🙏