ಬಚ್ಚಲ ಕಿಂಡಿಯ ಮಕ್ಕಳು

ಗುಲಾಬಿ ಕೊಯ್ಲಿನ ಕಾಲದಲ್ಲಿ ದಾದೆಸ್ ಕಣಿವೆಯ ಆ ಪೇಟೆಯಲ್ಲಿ ಬಾಡಿಗೆಗೆ ಒಂದು ಕೋಣೆ ಸಿಕ್ಕರೆ ಅದೇ ಪುಣ್ಯ. ಆದರೆ ತೂದಾಳಿಗೆ ಅವಳ ಗಂಡ ಇದಿರ್, ಒಳಗೇ ನೀರಿನ ನಲ್ಲಿಯಿರುವ ಹೊಸ ಮನೆಯನ್ನೇ ಗೊತ್ತುಮಾಡಿದ್ದ. ಅವಳು ಮಾಲೀಕ ಹಾಜಿ ಉಹ್ಮಾನನ ಮಣ್ಣಿನ ಮನೆಯ ಒಂಟಿ ಕೋಣೆ ಬಿಟ್ಟು ಕದಲಲಿಲ್ಲ. ತಲೆ ಕೆಟ್ಟಿದೆ ಎಂದರು ನೆರೆಯವರು. ತಲೆ ನೆಟ್ಟಗೇ ಇತ್ತು. ಅಂಗಳದ ಬಚ್ಚಲ ಕಿಂಡಿಯನ್ನು ಬಿಟ್ಟುಹೋಗಲು ಅವಳಿಗೆ ಆಗುತ್ತಿರಲಿಲ್ಲ, ಅಷ್ಟೆ.

ಕಿಂಡಿಗೆ ಬಿಸಿನೀರು ಚೆಲ್ಲುವ ಮುನ್ನ ಆ ಕಣಿವೆಯ ಹೆಂಗಸರೆಲ್ಲ "ಬಿಸ್ಮಿಲ್ಲಾ" ಅನ್ನುತ್ತಾರೆ. ಕೆಳಗಿರುವ ಜಿನ್ನುಗಳು ಅದನ್ನು ಕೇಳಿ ತಮ್ಮ ಮಕ್ಕಳನ್ನು ಎತ್ತಿಕೊಂಡು ಬದಿಗೆ ಸರಿಯುತ್ತವೆ. ಕೆಲವು ವರ್ಷಗಳ ಹಿಂದೆ, ತುಂಬು ಬಸುರಿ ತೂದಾ, ಕೊಯ್ಲಿನವರ ಲಾರಿ ಹಾರನ್ ಹೊಡೆಯಿತೆಂದು ಗಡಿಬಿಡಿಯಲ್ಲಿ ಕುದಿನೀರನ್ನು ಹಾಗೇ ಸುರಿದುಬಿಟ್ಟಳು. ಆ ವಾರವೇ ಹೆತ್ತಳು. ಮಗು ಅಳಲಿಲ್ಲ.

"ನೀನು ಅವರ ಕೂಸಿಗೆ ಬರೆ ಹಾಕ್ದೆ, ನಿನ್ನದನ್ನ ಅವರು ಕರಕೊಂಡ್ರು," ಎಂದಳು ಸೂಲಗಿತ್ತಿ. ಆ ಬಾಯಿಗೆ ಮಣ್ಣು ಬೀಳಲಿ! ಅಲ್ಲಿ ಹೆಸರಿಡುವುದು ಏಳನೆಯ ದಿನ. ಆ ಹೆಣ್ಣುಕೂಸಿಗೆ ಅಂಥ ದಿನವೇ ಬರಲಿಲ್ಲ.

ಅಂದಿನಿಂದ ಮುಸ್ಸಂಜೆಯಾದರೆ ಕಿಂಡಿಯೊಳಗೆ ಕಲ್ಲಾಟದ ಸದ್ದು, ಎರಡು ಪುಟ್ಟ ನಗು. ಇದಿರನಿಗೆ ಕೇಳಿಸದು. ತೂದಾ ಹಿಟ್ಟು ನಾದುತ್ತ ಕಿವಿಗೊಟ್ಟು ಕೂರುವಳು. ಭಯವೂ ಆಗುತ್ತಿತ್ತು, ಎದೆಯೂ ತುಂಬಿಬರುತ್ತಿತ್ತು.

ಹಾಜಿ ನೀರಿನ ಬಿಲ್ಲನ್ನು ಬಾಡಿಗೆದಾರರಿಗೆ ತಲೆ ಲೆಕ್ಕದಲ್ಲಿ ಹಂಚುವವನು. ಬಂದಾಗಲೆಲ್ಲ, "ಎಷ್ಟು ತಲೆ ತಾಯಿ? ಇನ್ನೂ ಎರಡೇನಾ? ಇದಿರ್ ಏನ್ ನಿದ್ದೆ ಮಾಡ್ತಾನಾ?" ಎಂದು ನಗುತ್ತಿದ್ದ. ಒಂದು ಸಂಜೆ ಮೇಸ್ತ್ರಿ ಝಾಯದನನ್ನೂ ಸಿಮೆಂಟನ್ನೂ ಜೊತೆಗೆ ತಂದಿದ್ದ.

"ಹೊಸ ಚರಂಡಿ ಪೈಪ್ ಬಂತಲ್ಲ, ಈ ನಾತದ ಕಿಂಡಿ ಮುಚ್ಚಿಸ್ತೀನಿ."

"ಬೇಡ ಹಾಜಿ, ನಿಮ್ ಕಾಲಿಗ್ ಬೀಳ್ತೀನಿ."

"ಅಯ್ಯೋ, ಕಿಂಡಿಗೂ ಅಳೋರುಂಟಾ?"

"ನನ್ ಕೂಸು ಒಳಗಿದೆ."

ಹಾಜಿಯ ನಗು ಅಲ್ಲೇ ನಿಂತಿತು. ಝಾಯದ್ ಕರಣೆ ಕೆಳಗಿಟ್ಟ. ಅವನೂ ಅದೇ ಕಣಿವೆಯವನು.

"ಹಾಗಾದ್ರೆ ಹೊರಗೆ ಕರಿ ಅಕ್ಕಾ. ಹೆಸರು ಹಿಡಿದು ಕರಿ. ಆಮೇಲೆ ಮುಚ್ತೀನಿ."

ತೂದಾ ಮಂಡಿಯೂರಿದಳು. ಬಾಯಿ ತೆರೆದಳು, ಕರೆಯಲು ಹೆಸರೇ ಇಲ್ಲ. ಇಷ್ಟು ವರ್ಷ ಮನಸ್ಸಿನಲ್ಲೂ ಇಡಲು ಧೈರ್ಯ ಬಂದಿರಲಿಲ್ಲ. ಕೊನೆಗೆ ಸತ್ತ ತಾಯಿಯ ಹೆಸರು ಗಂಟಲಿಗೆ ಬಂತು.

"ಯಾಮ್ನಾ. ಮೇಲೆ ಬಾ, ಕಂದಾ."

ಕಲ್ಲಾಟ ನಿಂತಿತು. ಮೊಣಕಾಲಿಗೆ ತಣ್ಣಗೆ ಏನೋ ಒರಸಿಕೊಂಡಿತು. ಕೆಳಗೆ ಇನ್ನೊಂದು ಕೂಸು ಒಂಟಿಯಾಗಿ ಬಿಕ್ಕತೊಡಗಿತು. ತಾನು ಸುಟ್ಟ ಕೂಸು. ಅದರ ತಾಯಿ ಎಲ್ಲಿ ಹೋದಳೋ! ತೂದಾ ಕಿಂಡಿಗೆ ಇನ್ನಷ್ಟು ಬಾಗಿದಳು.

"ನೀನೂ ಬಾರೋ ಮರಿ. ನಿನ್ನ ಹೆಸರು ನಂಗೊತ್ತಿಲ್ಲ. ತಪ್ಪಾಯ್ತು, ಬಾ."

ಬಿಕ್ಕು ನಿಂತಿತು. ಝಾಯದ್ "ಬಿಸ್ಮಿಲ್ಲಾ" ಎಂದು ಸಿಮೆಂಟ್ ಮೆತ್ತಿದ.

ತೂದಾ ಹಿಂತಿರುಗಿ ನೋಡದೆ ಕೋಣೆಗೆ ಹೋಗಿ ಗೋಡೆಯ ಬದಿಗೆ ಇನ್ನೊಂದು ಹಾಸಿಗೆ ಬಿಚ್ಚಿದಳು. ಹಾಜಿ ಬಾಗಿಲಿಗೆ ಬಂದ. ಅಭ್ಯಾಸಬಲದಿಂದ ಕೇಳಿಬಿಟ್ಟ: "ಎಷ್ಟು ತಲೆ, ತಾಯಿ?"

"ನಾಲ್ಕು."

ಹಾಜಿ ನಗಲಿಲ್ಲ. ಹೊಸ್ತಿಲಿಂದ ಹಾಸಿಗೆಯವರೆಗೂ ನೆಲ ಒದ್ದೆಯಾಗಿತ್ತು. ಅದನ್ನು ತುಳಿಯದ ಹಾಗೆ ಹಿಂದೆ ಸರಿದು, ಬಾಗಿಲನ್ನು ಮೆಲ್ಲಗೆ ಮುಂದೆಳೆದುಕೊಂಡ.