ಹುಳು ಆರಿಸುವ ಕಣ್ಣು

ನಮ್ಮಕ್ಕನ ಕಣ್ಣು ಭಾರಿ ಚುರುಕು ಅಂತ ಬೈರಾಪಟ್ಟಣದ ನಮ್ಮ ಬೀದಿಗೆಲ್ಲ ಹೆಸರು. ಆ ಹೆಸರು ಹಬ್ಬಿಸಿದವಳು ಅಜ್ಜಿ. ನಾವು ಮನೆಯಲ್ಲಿ ರೇಷ್ಮೆಹುಳು ಸಾಕುತ್ತಿದ್ದೆವು. ಹಾಲುತೊಂಡೆ ರೋಗ ಒಂದು ಹುಳುವಿಗೆ ಬಂದರೆ ತಟ್ಟೆಗೆ ತಟ್ಟೆಯೇ ಹಾಳು. ಮೈ ಊದಿ ಬಿಳಿಚಿಕೊಂಡ ಹುಳುವನ್ನು ಶುರುವಿನಲ್ಲೇ ಆರಿಸಿ ತೆಗೆಯಬೇಕು. ಅಪ್ಪನಿಗೆ ಕಾಣದ್ದು ಅಕ್ಕನಿಗೆ ಕಾಣುತ್ತಿತ್ತು.

“ನನ್ ಮೊಮ್ಮಗಳು ಕಣ್ಣಿಟ್ರೆ ಮುಗೀತು, ಕಾಯ್ಲೆ ಹುಳ ಎಲ್ಲೂ ಬಚ್ಚಿಟ್ಕಳಾಕಾಗಲ್ಲ” ಅಂತ ಅಜ್ಜಿ ಬಂದವರಿಗೆಲ್ಲ ಹೇಳುತ್ತಿದ್ದಳು. ಸೊಪ್ಪಿನ ಮೇಲೆ ಮೂಗು ತಾಗುವಷ್ಟು ಅಕ್ಕ ಬಗ್ಗುವುದು ಯಾಕೆ ಅಂತ ಮಾತ್ರ ಯಾರೂ ಕೇಳಲಿಲ್ಲ. ಟೀವಿಗೆ ಅಂಟಿಕೊಂಡು ಕೂತರೆ ಬೈಗುಳ. ಕಣ್ಣು ಕಿರಿದು ಮಾಡಿ ನೋಡಿದರೆ ಅದಕ್ಕೂ ಬೈಗುಳ.

ಅದೇ ಅಕ್ಕ ಶಾಲೆಯಲ್ಲಿ ದಡ್ಡಿ. ಉದ್ದ ಬೆಳೆದಿದ್ದಳು ಅಂತ ಹಿಂದಿನ ಬೆಂಚು. ಬೋರ್ಡಿನ ಲೆಕ್ಕವನ್ನು ಪಕ್ಕದವಳ ಪುಸ್ತಕ ನೋಡಿ ಬರೆದುಕೊಳ್ಳುತ್ತಿದ್ದಳು. ಮನೆಯಲ್ಲಿ ಪಾಠಪುಸ್ತಕವನ್ನು ಮುಖಕ್ಕೆ ಹಿಡಿದು ನನಗೆ ಹೇಳಿಕೊಡುತ್ತಿದ್ದವಳು ಅವಳೇ, ಹಾಗಾಗಿ ದಡ್ಡಿ ಅನ್ನುವುದನ್ನು ನಾನು ಒಪ್ಪಿರಲಿಲ್ಲ. ದೊಡ್ಡವಳಾದ ಮೇಲೆ ಟೀಚರ್ ಆಗುತ್ತೇನೆ ಅಂತ ಅಕ್ಕ ನನ್ನೊಬ್ಬಳ ಹತ್ತಿರ ಹೇಳಿದ್ದಳು.

ಒಂದು ಸಲ ಮೇಷ್ಟ್ರು ಅಪ್ಪನನ್ನು ಕರೆಸಿ, ಮಗಳ ಕಣ್ಣು ತೋರಿಸಿ ಅಂದರು. ಅಪ್ಪ ನಕ್ಕುಬಿಟ್ಟ.

“ಅವ್ಳ ಕಣ್ಣಾ ಸಾ? ಊರಲ್ಲೇ ಅಂಥ ಕಣ್ಣಿಲ್ಲ. ನಮ್ಮನೇಲಿ ಕಾಯ್ಲೆ ಹುಳ ಆರ್ಸೋಳೇ ಅವ್ಳು.”

ಹಾಗಾದರೆ ಇದು ಸೋಮಾರಿತನ, ಕಾಪಿ ಹೊಡೆಯುವ ಚಾಳಿ ಅಂತ ಮೇಷ್ಟ್ರು ತೀರ್ಮಾನಿಸಿದರು. ಅವಳನ್ನು ಮೂಲೆಯಲ್ಲಿ ಒಂಟಿಯಾಗಿ ಕೂರಿಸಿದರು. ಬರೆದುಕೊಳ್ಳಲು ಪಕ್ಕದ ಪುಸ್ತಕವೂ ಇಲ್ಲವಾಯಿತು. ಅಪ್ಪ ಊಟಕ್ಕೆ ಕೂತಾಗ ಸಾರಿದ, “ಈ ಸಲ ಪಾಸಾದ್ರೆ ಓದು, ಇಲ್ದಿದ್ರೆ ಗಾರ್ಮೆಂಟ್ಸ್ ಬಸ್ಸು ಹತ್ತು.”

ಅಕ್ಕ ಹತ್ತನೇ ಕ್ಲಾಸಿನಲ್ಲಿ ಫೇಲಾದಳು. ಆಗ ಹೆದ್ದಾರಿ ಅಗಲವಾಗುತ್ತಿತ್ತು, ಬೆಳಗಾದರೆ ಹುಡುಗಿಯರನ್ನು ತುಂಬಿಕೊಂಡು ಫ್ಯಾಕ್ಟರಿ ಬಸ್ಸುಗಳು ಹೋಗುತ್ತಿದ್ದವು. ತನ್ನ ಬಸ್ಸು ಯಾವುದೆಂದು ಗೊತ್ತಾಗದೆ ಅಕ್ಕ ಬಂದ ಬಸ್ಸಿಗೆಲ್ಲ ಕೈ ಬೀಸುತ್ತಿದ್ದಳು. ಜೊತೆಯವರು ನಗುತ್ತಿದ್ದರು. ಫ್ಯಾಕ್ಟರಿಯಲ್ಲಿ ಮಾತ್ರ ಅವಳ ಹೊಲಿಗೆಯನ್ನು ಹೊಗಳುವವರೇ. ಕೇಳಿದ ಅಜ್ಜಿ, “ನಾನ್ ಹೇಳ್ನಿಲ್ವಾ?” ಅಂತ ಬೀಗಿದಳು.

ಮುಂದಿನ ವರ್ಷ ನಮ್ಮ ಶಾಲೆಗೆ ಕಣ್ಣಿನ ಡಾಕ್ಟರು ಬಂದರು. ಗೋಡೆಯ ಪಟ್ಟಿಯಲ್ಲಿ ನನಗೆ ಕಂಡದ್ದು ಮೇಲಿನ ಒಂದೇ ಅಕ್ಷರ. ಹತ್ತಿರದ್ದು ಚೆನ್ನಾಗಿ ಕಾಣುತ್ತದೆ, ದೂರದ್ದು ಕಾಣುವುದಿಲ್ಲ, ಕನ್ನಡಕ ತೆಗೆಯದೆ ಹಾಕಿಕೋ, ಬೆಳೆಯುವ ವಯಸ್ಸು, ವರ್ಷವರ್ಷವೂ ನಂಬರು ನೋಡಿಸಬೇಕು ಅಂದರು. ಒಡಹುಟ್ಟಿದವರಿದ್ದರೆ ಅವರಿಗೂ ಇರಬಹುದು, ಕರೆದುಕೊಂಡು ಬಾ ಅಂತಲೂ ಹೇಳಿದರು. ಮನೆಯಲ್ಲಿ ಹೇಳಿದ್ದೇ ತಡ, ಅಜ್ಜಿ ಸಿಡಿದಳು.

“ಅವ್ಳಿಗೇನಾಗೈತೆ? ಒಂದ್ ಮನೇಲಿ ಎರಡೆರಡು ಸೋಡಾಬುಡ್ಡಿ ಆದ್ರೆ ಗಂಡು ಎಲ್ಲಿಂದ ತರಾದು?”

ಭಾನುವಾರ ಅಕ್ಕನಿಗೆ ರಜ. ಇಬ್ಬರೂ ದೊಡ್ಡಮಳೂರಿನ ದೇವಸ್ಥಾನಕ್ಕೆ ಹೋದೆವು. ಅಲ್ಲಿನ ಅಂಬೆಗಾಲು ಕೃಷ್ಣನನ್ನು ಚಿಕ್ಕಂದಿನಿಂದ ಎಷ್ಟೋ ಸಲ ಕೈಮುಗಿದು ನೋಡಿದ್ದೆ. ನನ್ನ ಪಾಲಿಗೆ ಅವನು ದೀಪದ ಹಿಂದಿನ ಕಪ್ಪು ಮುದ್ದೆ. ದೇವರು ಎಲ್ಲರಿಗೂ ಹಾಗೇ ಕಾಣುತ್ತಾನೆ ಅಂದುಕೊಂಡಿದ್ದೆ! ಅವತ್ತು ಹೊಸ ಕನ್ನಡಕದಲ್ಲಿ ಅವನ ಕೈಯಲ್ಲಿನ ಬೆಣ್ಣೆಯೂ ಕಂಡಿತು. ತಡೆಯಲಾರದೆ ಕನ್ನಡಕ ಕಿತ್ತು ಅಕ್ಕನಿಗೆ ಹಾಕಿದೆ. ನನ್ನ ನಂಬರು ಅವಳಿಗೆ ಪೂರ್ತಿ ಒಗ್ಗುವುದಲ್ಲ, ಆದರೂ ಅವಳು ಉಸಿರು ಬಿಡದೆ ನಿಂತಳು.

“ಬೆಣ್ಣೆ ಐತೆ ಕಣೇ,” ಅಂದಳು. ಇಬ್ಬರಿಗೂ ನಗು ಬಂತು.

ಕನ್ನಡಕ ಕೊಡಲೇ ಇಲ್ಲ. ಹಾಕಿಕೊಂಡೇ ಊರಿಗೆ ಬಂದಳು. ದಾರಿಯಲ್ಲಿ ಶಾಲೆ. ಅವಳು ಕೂರುತ್ತಿದ್ದ ಮೂಲೆಯ ಪಕ್ಕದ ಕಿಟಕಿ ತೆರೆದಿತ್ತು. ಶನಿವಾರದ ಲೆಕ್ಕ ಬೋರ್ಡಿನ ಮೇಲೆ ಹಾಗೇ ಇತ್ತು. ಅಕ್ಕ ಸರಳು ಹಿಡಿದು ಲೆಕ್ಕವನ್ನು ಮೊದಲಿಂದ ಕೊನೆಯವರೆಗೆ ಓದಿದಳು, ಉತ್ತರ ಹೇಳಿದಳು.

“ಇಷ್ಟು ದಪ್ಪಕ್ಕೆ ಬರೀತಿದ್ರಾ?” ಅಂತ ಕೇಳಿದಳು.

ಮನೆಗೆ ಬಂದು ಎಲ್ಲವನ್ನೂ ಒದರಿಬಿಟ್ಟೆ. ಅಜ್ಜಿ ಸೆರಗು ಬಾಯಿಗಿಟ್ಟುಕೊಂಡಳು. ಅಪ್ಪ ಮಾರನೆಯ ದಿನವೇ ಕೆಲಸಕ್ಕೆ ರಜ ಹಾಕಿಸಿ ಅಕ್ಕನನ್ನು ಚನ್ನಪಟ್ಟಣಕ್ಕೆ ಕರೆದೊಯ್ದು ತೋರಿಸಿದ. ಅವಳ ನಂಬರು ನನ್ನದಕ್ಕಿಂತ ಹೆಚ್ಚಿತ್ತು. ಕನ್ನಡಕ ಬಂದ ದಿನ ಅಪ್ಪ ಅವಳ ಮುಖ ನೋಡದೆ ಕೇಳಿದ, “ಮತ್ತೆ ಪರೀಕ್ಷೆಗೆ ಕಟ್ಲಾ ಮಗಾ?”

“ಬ್ಯಾಡ ಕಣಪ್ಪ. ದಡ್ಡಿ ದಡ್ಡಿ ಅಂದ್ರಿ, ನಾನೂ ನಂಬ್ಬುಟ್ಟೆ. ಈಗ ಪುಸ್ತಕ ಮುಟ್ಟಾಕೆ ಭಯ ಆಯ್ತದೆ.”

ಎಷ್ಟು ಗೋಗರೆದರೂ ಒಪ್ಪಲಿಲ್ಲ. ಮರುದಿನ ಬೆಳಗ್ಗೆ ನಾನೂ ಹೆದ್ದಾರಿಯವರೆಗೆ ಹೋದೆ. ಅಕ್ಕ ಯಾವ ಬಸ್ಸಿಗೂ ಸುಮ್ಮನೆ ಕೈ ಬೀಸಲಿಲ್ಲ. ಇನ್ನೂ ದೂರದಲ್ಲಿದ್ದ ಒಂದು ಬಸ್ಸಿನ ಬೋರ್ಡನ್ನು ಗಟ್ಟಿಯಾಗಿ ಓದಿ, ನಮ್ಮದೇ ಅಂತ ಹೇಳಿ, ಹತ್ತಿ ಹೋದಳು.